ಊರಿನವರೇ ಕಟ್ಟಿಕೊಂಡ ಫೈರ್ ಸ್ಟೇಷನ್: ಫಿಲಡೆಲ್ಫಿಯಾ, ರ್ಯಾಡ್ನರ್, ಎಡಿಸನ್

ಗುರುವಾರ

ಅಮೆರಿಕಕ್ಕೆ ಬಂದ ಮೇಲೆ ನಮ್ಮ ಯಜಮಾನರು ನೋಡಬೇಕು ಅಂದಿದ್ದು ನಯಾಗರವನ್ನಲ್ಲ, ಫೈರ್ ಸ್ಟೇಷನ್‌ಗಳನ್ನು. ಹಾಸನ ಜಿಲ್ಲೆಯಲ್ಲಿ ಅಗ್ನಿಶಾಮಕ ಗಾಡಿ ಓಡಿಸಿ ನಿವೃತ್ತರಾದವರು ಅವರು. ನ್ಯೂಜೆರ್ಸಿಯ ಇಸೆಲಿನ್‌ನಲ್ಲಿ ನನ್ನ ತಮ್ಮನ ಮನೆ. ಬಂದ ವಾರದಲ್ಲೇ ಪಕ್ಕದ ಊರಿನ ಠಾಣೆಯೊಂದರ ಗಾಜಿನ ಬಾಗಿಲಿಗೆ ಮುಖ ಒತ್ತಿ ಇಣುಕಿದ್ದರು. ಒಳಗೆ ಫಳಫಳ ಹೊಳೆಯುವ ಎಂಜಿನ್‌ಗಳು. ಒಬ್ಬ ಮನುಷ್ಯನೂ ಇಲ್ಲ.

"ಅವರೆಲ್ಲ ವಾಲಂಟಿಯರ್‌ಗಳು ಭಾವ. ಕರೆ ಬಂದರೆ ಮನೆಯಿಂದ, ಆಫೀಸಿನಿಂದ ಓಡಿ ಬರ್ತಾರೆ" ಅಂದ ತಮ್ಮ.

"ಸಂಬಳ ಎಷ್ಟು?"

"ಸಂಬಳವೇ ಇಲ್ಲ."

ಇವರಿಗೆ ನಂಬಿಕೆ ಬರಲಿಲ್ಲ. ಮೂವತ್ತು ವರ್ಷ ಠಾಣೆಯ ಕ್ವಾರ್ಟರ್ಸ್‌ನಲ್ಲಿ ಬಾಳಿದವರಿಗೆ ಹೇಗೆ ಬರಬೇಕು? ನಮ್ಮಲ್ಲಿ ಬೆಂಕಿ ಆರಿಸುವುದು ರಾಜ್ಯ ಸರ್ಕಾರದ ಕೆಲಸ. ಯೂನಿಫಾರ್ಮು, ಶಿಫ್ಟು, ಬೆಳಗಿನ ಪರೇಡು, ವರ್ಗಾವಣೆ ಎಲ್ಲ ಇರುವ ಇಲಾಖೆ. ಇಲ್ಲಿ ದೇಶದ ಒಟ್ಟು ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಸಂಬಳವಿಲ್ಲದವರು. ಇದು ಹೇಗೆ ಶುರುವಾಯಿತು ಅಂತ ತಿಳಿಯಬೇಕಿದ್ದರೆ ಫಿಲಡೆಲ್ಫಿಯಾಕ್ಕೆ ಹೋಗಿ ಅಂದ ತಮ್ಮ. ಹೊರಟೆವು.

ಇಸೆಲಿನ್‌ನ ಮೆಟ್ರೋಪಾರ್ಕ್ ಸ್ಟೇಷನ್‌ನಿಂದ ಟ್ರೆಂಟನ್, ಅಲ್ಲಿ ರೈಲು ಬದಲಿಸಿ ಫಿಲಡೆಲ್ಫಿಯಾ. ಹಳೆಯ ಪಟ್ಟಣದ ಸೆಕೆಂಡ್ ಸ್ಟ್ರೀಟ್‌ನಲ್ಲಿ ಫೈರ್‌ಮನ್ಸ್ ಹಾಲ್ ಮ್ಯೂಸಿಯಂ ಇದೆ. 1902ರ ಠಾಣೆಯ ಕಟ್ಟಡವನ್ನೇ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಪಕ್ಕದಲ್ಲೇ ಎಲ್ಫ್ರೆತ್ಸ್ ಆ್ಯಲಿ ಅನ್ನುವ ಪುಟ್ಟ ಓಣಿ. ಅಲ್ಲಿ ಹದಿನೆಂಟನೇ ಶತಮಾನದ ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಒಂದು ಮನೆಗೆ ಬೆಂಕಿ ಬಿದ್ದರೆ ಇಡೀ ಸಾಲು ಹೋಗುತ್ತಿತ್ತು ಅನ್ನುವುದನ್ನು ಆ ಓಣಿ ನೋಡಿದರೆ ಯಾರೂ ಹೇಳಿಕೊಡಬೇಕಿಲ್ಲ.

1730ರಲ್ಲಿ ಇಲ್ಲಿನ ನದಿ ದಂಡೆಯ ಉಗ್ರಾಣಗಳಿಗೆ ದೊಡ್ಡ ಬೆಂಕಿ ಬಿತ್ತು. ಅದಾದ ಮೇಲೆ ಬೆಂಕಿಯ ವಿಷಯವನ್ನು ಬಿಡದೆ ಹಿಡಿದವನು ಬೆಂಜಮಿನ್ ಫ್ರಾಂಕ್ಲಿನ್. ತನ್ನ ಪತ್ರಿಕೆಯಲ್ಲಿ 1735ರಲ್ಲಿ ಇದರ ಬಗ್ಗೆ ಬರೆದ. ಕೆಂಡವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತೆರೆದ ಸಲಿಕೆಯಲ್ಲಿ ಒಯ್ಯಬೇಡಿ, ಮುಚ್ಚಳವಿರುವ ಪಾತ್ರೆಯಲ್ಲಿ ಒಯ್ಯಿರಿ ಅನ್ನುವಂಥ ಮನೆಮಟ್ಟದ ಮಾತುಗಳೇ ಅದರಲ್ಲಿದ್ದವು. 1736ರ ಡಿಸೆಂಬರ್‌ನಲ್ಲಿ ಯೂನಿಯನ್ ಫೈರ್ ಕಂಪನಿ ಹುಟ್ಟಿತು. ಕಂಪನಿ ಅಂದರೆ ವ್ಯಾಪಾರದ ಕಂಪನಿಯಲ್ಲ, ಸಂಘ. ಮೂವತ್ತು ಜನಕ್ಕಷ್ಟೇ ಜಾಗ. ಪ್ರತಿಯೊಬ್ಬನೂ ತನ್ನ ಖರ್ಚಿನಲ್ಲಿ ಚರ್ಮದ ಬಕೆಟ್‌ಗಳನ್ನೂ ಬಟ್ಟೆಯ ಚೀಲಗಳನ್ನೂ ಸಿದ್ಧ ಇಟ್ಟಿರಬೇಕು. ಬಕೆಟ್ ನೀರಿಗೆ. ಚೀಲ, ಉರಿಯುವ ಮನೆಯಿಂದ ಸಾಮಾನು ತುಂಬಿ ಹೊರಗೆ ತರಲು. ತಿಂಗಳಿಗೊಂದು ಸಭೆ. ತಪ್ಪಿಸಿಕೊಂಡರೆ ದಂಡ.

"ಚೀಟಿ ಸಂಘದ ಹಾಗಿದೆ" ಅಂದರು ಇವರು. ನಿಜ, ನಡೆಸುವ ರೀತಿ ಥೇಟ್ ಅದೇ. ಜಾಗ ಸಿಗದವರು ಇನ್ನೊಂದು ಸಂಘ ಕಟ್ಟಿಕೊಂಡರು. ಅಲ್ಲಿ ಸಿಗದವರು ಮತ್ತೊಂದು.

ಗೋಡೆ ತುಂಬ ಲೋಹದ ಫಲಕಗಳು. ವಿಮೆ ಮಾಡಿಸಿದ ಮನೆಯ ಮುಂಭಾಗಕ್ಕೆ ಇವನ್ನು ಹೊಡೆಯುತ್ತಿದ್ದರು. 1752ರಲ್ಲಿ ಫ್ರಾಂಕ್ಲಿನ್ ಮತ್ತು ಗೆಳೆಯರು ಶುರು ಮಾಡಿದ ವಿಮಾ ಸಂಸ್ಥೆಯದು ಒಂದರ ಮಣಿಕಟ್ಟನ್ನು ಇನ್ನೊಂದು ಹಿಡಿದ ನಾಲ್ಕು ಕೈಗಳ ಗುರುತು. ಮನೆ ಮುಂದೆ ಮರ ಇದ್ದರೆ ಬೆಂಕಿ ಆರಿಸಲು ಅಡ್ಡಿ ಅಂತ ಆ ಸಂಸ್ಥೆ ಮುಂದೆ ಅಂಥ ಮನೆಗಳಿಗೆ ವಿಮೆ ನಿಲ್ಲಿಸಿತು. ಜನಕ್ಕೆ ಕೋಪ ಬಂತು. 1784ರಲ್ಲಿ ಮರವಿದ್ದರೂ ಪರವಾಗಿಲ್ಲ ಅನ್ನುವ ಇನ್ನೊಂದು ಸಂಸ್ಥೆ ಎದ್ದಿತು. ಅದರ ಫಲಕದ ಮೇಲೆ ಹಸಿರು ಮರ! ಫಲಕ ಇಲ್ಲದ ಮನೆಯನ್ನು ಸುಡಲು ಬಿಟ್ಟು ಬರುತ್ತಿದ್ದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ.

ನನಗೆ ಜಾಸ್ತಿ ನಾಟಿದ್ದು ಬೇರೆಯೇ. 1818ರಲ್ಲಿ ಈ ಊರಿನ ಕೆಲವು ಕಪ್ಪು ತರುಣರು ಆಫ್ರಿಕನ್ ಫೈರ್ ಅಸೋಸಿಯೇಷನ್ ಕಟ್ಟಲು ಹೊರಟರು. ಬಿಳಿಯರ ಸಂಘಗಳು ಒಟ್ಟಾಗಿ ವಿರೋಧಿಸಿದವು. ಆ ಪ್ರಯತ್ನ ಅಲ್ಲಿಗೇ ನಿಂತಿತು. ಅಂದರೆ ನೆರೆಹೊರೆಯವರ ಸಂಘ ಅಂದಾಗ ಯಾರು ನೆರೆ, ಯಾರು ಹೊರೆ ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಮುಂದೆ ಬಿಳಿ ಸಂಘಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡವು. ನೀರಿನ ನಲ್ಲಿ ಯಾರಿಗೆ ಮೊದಲು ಅಂತ ಬೀದಿಯಲ್ಲಿ ಜಗಳ, ಕಲ್ಲು, ಗುಂಡು. ಮನೆ ಉರಿಯುತ್ತಿದ್ದರೆ ಇವರು ಪಕ್ಕದಲ್ಲಿ ಕುಸ್ತಿ. ಸಾಕಾಗಿ ನಗರ 1871ರಲ್ಲಿ ಸಂಬಳದ ಇಲಾಖೆ ಮಾಡಿತು. ಸಿನ್ಸಿನಾಟಿ ಆ ಕೆಲಸವನ್ನು 1853ರಲ್ಲೇ ಮಾಡಿತ್ತು.

ಇಲ್ಲಿಗೆ ವಾಲಂಟಿಯರ್ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಗರದಿಂದ ಹೊರಬಿದ್ದು ರೈಲು ಹತ್ತಿ ಉಪನಗರಕ್ಕೆ ಹೋಯಿತು. ಮರುದಿನ ನಾವೂ ಅದೇ ಹಳಿಯ ಮೇಲೆ ಹೋದೆವು.

ಶುಕ್ರವಾರ

ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಹೋಗುವ ಲೋಕಲ್ ರೈಲಿನ ದಾರಿಗೆ ಮೇನ್ ಲೈನ್ ಅನ್ನುತ್ತಾರೆ. ಒಂದು ಕಾಲಕ್ಕೆ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯದಾಗಿದ್ದ ಹಳಿ. ಆರ್ಡ್‌ಮೋರ್, ಬ್ರಿನ್ ಮಾರ್, ವಿಲ್ಲನೋವಾ, ಸೇಂಟ್ ಡೇವಿಡ್ಸ್, ಆಮೇಲೆ ವೇನ್. ನಾವು ಇಳಿದದ್ದು ವೇನ್‌ನಲ್ಲಿ. ದೊಡ್ಡ ಮರಗಳು, ವರಾಂಡ ಇರುವ ಮನೆಗಳು, ಅಂಗಳಕ್ಕೆ ಬೇಲಿಯೇ ಇಲ್ಲ. ಅನುಕೂಲಸ್ಥರ ಊರು ಅಂತ ಸ್ಟೇಷನ್ ಮೆಟ್ಟಿಲಿನಲ್ಲೇ ಗೊತ್ತಾಗುತ್ತದೆ.

ವೇನ್ ಇರುವುದು ರ್ಯಾಡ್ನರ್ ಟೌನ್‌ಶಿಪ್‌ನಲ್ಲಿ. ನಮ್ಮ ಕಡೆ ಟೌನ್‌ಶಿಪ್ ಅಂದರೆ ಕಾರ್ಖಾನೆ ಕ್ವಾರ್ಟರ್ಸ್ ಇರುವ ಬಡಾವಣೆ. ಇಲ್ಲಿ ಅದು ಚುನಾಯಿತ ಸ್ಥಳೀಯ ಆಡಳಿತ. ರ್ಯಾಡ್ನರ್‌ದು ಸುಮಾರು 36 ಚದರ ಕಿಲೋಮೀಟರ್, ಜನ 33 ಸಾವಿರದ ಆಸುಪಾಸು. 1680ರ ದಶಕದಲ್ಲಿ ವೇಲ್ಸ್‌ನಿಂದ ಬಂದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ನೆಲೆಸಿದ ಜಾಗ ಇದು. ಇನ್ನೂರು ವರ್ಷ ಬರೀ ಹೊಲ, ತೋಟ. ಆಮೇಲೆ ರೈಲಿನ ದೆಸೆಯಿಂದ ಬೆಲೆ ಬಂತು. ಹೆನ್ರಿ ಆಸ್ಕಿನ್ ಅನ್ನುವವನು ಇಲ್ಲಿ ಮನೆ ಕಟ್ಟಿ, ಹೆಣ್ಣುಮಕ್ಕಳಾದ ಲೂಯಿಸಾ ಮತ್ತು ಎಲ್ಲಾರ ಹೆಸರು ಸೇರಿಸಿ ಲೂಎಲ್ಲಾ ಅಂತ ಹೆಸರಿಟ್ಟ. ಅವನ ಆಸ್ತಿ ಮುಂದೆ ಬ್ಯಾಂಕರ್ ಆಂಥೊನಿ ಡ್ರೆಕ್ಸೆಲ್ ಮತ್ತು ಪತ್ರಿಕೆ ಮಾಲೀಕ ಜಾರ್ಜ್ ಚೈಲ್ಡ್ಸ್ ಕೈಗೆ ಬಂತು. 1880ರ ದಶಕದಲ್ಲಿ ಅವರಿಬ್ಬರು ಸೈಟ್ ಹಂಚಿ, ನೀರು ಕೊಟ್ಟು, ಮನೆ ಕಟ್ಟಿಸಿ ಮಾರಿದರು. ಲೇಔಟ್ ದಂಧೆ ಅಂದರೆ ಬೇಜಾರಾಗಬೇಡಿ, ಅದು ಅದೇ. ಮಾಡಿದ್ದು ಮಾತ್ರ ಅಚ್ಚುಕಟ್ಟಾಗಿ.

ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಇದನ್ನು ನಾವು ಮರೆಯುತ್ತೇವೆ. ನಮ್ಮ ಊರಿನ ಇಟ್ಟಿಗೆ, ಕಾಂಕ್ರೀಟ್ ಮನೆಯಲ್ಲಿ ಬೆಂಕಿ ಬಿದ್ದರೆ ಸಾಮಾನು ಸುಡುತ್ತದೆ, ಗೋಡೆ ನಿಲ್ಲುತ್ತದೆ. ಇಲ್ಲಿ ಗೋಡೆಯೇ ಸೌದೆ. ಹಾಗಾಗಿ ಸ್ವಂತ ಮನೆ ಇರುವವನಿಗೆ ಫೈರ್ ಕಂಪನಿ ಸೇರುವುದು ಸಮಾಜಸೇವೆ ಮಾತ್ರ ಅಲ್ಲ, ತನ್ನ ಚಾವಣಿ ಕಾಯುವ ಕೆಲಸವೂ ಹೌದು.

ರ್ಯಾಡ್ನರ್ ಫೈರ್ ಕಂಪನಿ ಹುಟ್ಟಿದ್ದು 1906ರಲ್ಲಿ. ಅದೇ ವರ್ಷ ಅದು ಮಾಡಿದ ಒಂದು ಖರೀದಿಯಿಂದಲೇ ನಾವು ಇಲ್ಲಿಗೆ ಬಂದದ್ದು. ಮಿನ್ನೆಸೋಟಾದ ಸೇಂಟ್ ಪಾಲ್ ಊರಿನಲ್ಲಿ ವಾಟರಸ್ ಅನ್ನುವ ಪಂಪ್ ತಯಾರಕರಿದ್ದರು. ಅವರು ಪೆಟ್ರೋಲ್ ಎಂಜಿನ್ನಿನಿಂದ ತಾನೇ ಓಡುವ, ಪೆಟ್ರೋಲ್ ಎಂಜಿನ್ನಿನಿಂದಲೇ ನೀರು ಎರಚುವ ಗಾಡಿಯೊಂದನ್ನು ಮಾಡಿದರು. ಅಮೆರಿಕದಲ್ಲಿ ಆ ಬಗೆಯ ಮೊದಲನೆಯದು ಅಂತ ಅದನ್ನು ಎಣಿಸುತ್ತಾರೆ. ಅದು ನ್ಯೂಯಾರ್ಕ್‌ಗೆ ಹೋಗಲಿಲ್ಲ, ಷಿಕಾಗೋಗೆ ಹೋಗಲಿಲ್ಲ. ಬಂದದ್ದು ಈ ವೇನ್‌ಗೆ.

ಆ ಗಾಡಿಯಲ್ಲಿ ಎರಡು ಎಂಜಿನ್. ಒಂದು ಚಕ್ರ ತಿರುಗಿಸಲು, ಇನ್ನೊಂದು ಪಂಪ್ ತಿರುಗಿಸಲು. ಇದನ್ನು ಕೇಳಿ ನಮ್ಮ ಯಜಮಾನರು ರಸ್ತೆಯ ಮಧ್ಯೆಯೇ ನಿಂತುಬಿಟ್ಟರು. "ಎರಡು ಯಾಕೆ? ಗೇರ್ ನ್ಯೂಟ್ರಲ್‌ಗೆ ತಂದು ಪಿಟಿಓ ಎಳೆದರೆ ಅದೇ ಎಂಜಿನ್ ಪಂಪ್ ತಿರುಗಿಸಲ್ವಾ?" ಪಿಟಿಓ ಅಂದರೆ ಎಂಜಿನ್ನಿನ ಶಕ್ತಿಯನ್ನು ಪಂಪ್‌ಗೆ ತಿರುಗಿಸುವ ಜೋಡಣೆ. ತಿರುಗಿಸುತ್ತದೆ, ಆದರೆ ಆ ಉಪಾಯ ಒಂದು ವರ್ಷ ತಡವಾಗಿ ಬಂತು. 1907ರಲ್ಲಿ ಅದೇ ವಾಟರಸ್‌ನವರು ಒಂದೇ ಎಂಜಿನ್ ಎರಡೂ ಕೆಲಸ ಮಾಡುವ ಗಾಡಿ ಮಾಡಿ ಕ್ಯಾಲಿಫೋರ್ನಿಯಾದ ಅಲಮೇಡಾಗೆ ಕೊಟ್ಟರು. ಇವತ್ತು ಅರಸೀಕೆರೆಯ ಗಾಡಿಯೂ ಇಸೆಲಿನ್ ಪಕ್ಕದ ಎಡಿಸನ್‌ನ ಗಾಡಿಯೂ ನಡೆಯುವುದು ಆ ಎರಡನೇ ಲೆಕ್ಕದಲ್ಲೇ.

ದೊಡ್ಡ ನಗರಗಳಿಗಿಂತ ಮೊದಲು ಈ ಸಣ್ಣ ಊರು ಯಾಕೆ? ದುಡ್ಡಿತ್ತು ಅನ್ನುವುದು ಅರ್ಧ ಉತ್ತರ. ಉಳಿದರ್ಧ ಕುದುರೆಯಲ್ಲಿದೆ ಅಂತ ನನಗೆ ಅನಿಸುತ್ತದೆ. ಆಗಿನ ನಗರದ ಠಾಣೆ ಅಂದರೆ ಕುದುರೆ ಎಳೆಯುವ ಉಗಿ ಎಂಜಿನ್. ಬೆಂಕಿ ಇರಲಿ ಬಿಡಲಿ, ಕುದುರೆಗೆ ಹುಲ್ಲು ಹಾಕಬೇಕು, ಲಾಯ ಗುಡಿಸಬೇಕು. ಬಾಯ್ಲರ್ ನೀರನ್ನು ಬೆಚ್ಚಗೆ ಇಟ್ಟಿರಬೇಕು. ಅದಕ್ಕೆ ದಿನವಿಡೀ ಸಂಬಳದ ಆಳು ಬೇಕು. ವಾಲಂಟಿಯರ್‌ಗಳು ರೈಲು ಹತ್ತಿ ಪೇಟೆಗೆ ಕೆಲಸಕ್ಕೆ ಹೋಗುವವರು. ಪೆಟ್ರೋಲ್ ಗಾಡಿಯಾದರೆ ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ, ಏನೂ ಕೇಳುವುದಿಲ್ಲ. ಮೇಲಾಗಿ ಮನೆಗಳು ದೂರ ದೂರ. ಭಾರದ ಉಗಿ ಎಂಜಿನ್ ಎಳೆದುಕೊಂಡು ಕುದುರೆ ಮೈಲಿಗಟ್ಟಲೆ ಓಡಲಾರದು. ನಗರಗಳಿಗೆ ಆ ಅವಸರ ಇರಲಿಲ್ಲ. ಲಾಯಗಳ ಮೇಲೆ ಆಗಲೇ ಹಣ ಸುರಿದಿದ್ದವು. ನ್ಯೂಯಾರ್ಕ್ ನಗರ ತನ್ನ ಕೊನೆಯ ಬೆಂಕಿ ಕುದುರೆಗಳನ್ನು ಬಿಟ್ಟಿದ್ದು 1922ರಲ್ಲಿ. ವೇನ್‌ಗಿಂತ ಹದಿನಾರು ವರ್ಷ ತಡವಾಗಿ!

ಠಾಣೆ ಸೌತ್ ವೇನ್ ಅವೆನ್ಯೂದಲ್ಲಿದೆ. ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಬೆಲ್ ಒತ್ತಿದೆವು. ಬಂದ ತರುಣನಿಗೆ ಇವರು ತಮ್ಮ ಹಳೆಯ ಗುರುತಿನ ಚೀಟಿ ತೋರಿಸಿದರು. ಅದರ ಮೇಲಿನ ಕನ್ನಡ ಅವನಿಗೆ ಓದಲು ಬರಲಿಲ್ಲ. ಫೋಟೋದಲ್ಲಿದ್ದ ಖಾಕಿ, ಟೋಪಿ ಸಾಕಾಯಿತು. ಆಮೇಲೆ ನನ್ನನ್ನು ಇಬ್ಬರೂ ಮರೆತರು.

ಗಾಡಿಯ ಪಂಪ್ ಪ್ಯಾನೆಲ್ ಮುಂದೆ ನಿಂತು ಇವರು ಕೇಳಿದ ಮೊದಲ ಪ್ರಶ್ನೆ, ನೀರು ಎಷ್ಟು? ಇಲ್ಲಿನ ಎಂಜಿನ್‌ಗಳು ಸಾಮಾನ್ಯವಾಗಿ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಹೊರುತ್ತವೆ. ನಮ್ಮ ವಾಟರ್ ಟೆಂಡರ್ 4,500 ಲೀಟರ್ ಹೊರುತ್ತದೆ. ಇವರ ಮುಖದಲ್ಲಿ ಸಣ್ಣ ಗೆಲುವು. ಆದರೆ ಇಲ್ಲಿ ಬೀದಿ ಬೀದಿಗೂ ಹೈಡ್ರಂಟ್, ಅಂದರೆ ಬೆಂಕಿ ಆರಿಸಲೆಂದೇ ಇರುವ ನೀರಿನ ನಲ್ಲಿ ಇದೆ. ಗಾಡಿಯ ನೀರು ಮೊದಲ ಕೆಲವು ನಿಮಿಷಕ್ಕೆ ಅಷ್ಟೇ. ಅಷ್ಟರಲ್ಲಿ ಇನ್ನೊಬ್ಬ ಹೈಡ್ರಂಟ್‌ಗೆ ಹೋಸ್ ಜೋಡಿಸಿರುತ್ತಾನೆ. "ನಾವು ನೀರು ಮುಗಿದರೆ ಕೆರೆ ಹುಡುಕಿಕೊಂಡು ಹೋಗ್ತಿದ್ವಿ" ಅಂದರು ಇವರು. ನಾನು ನನಗೆ ಬಂದಷ್ಟು ಇಂಗ್ಲಿಷ್‌ನಲ್ಲಿ ಹೇಳಿದೆ. ತರುಣ ನಗಲಿಲ್ಲ. ಹಳ್ಳಿ ಕಡೆ ತಾವೂ ಹಾಗೇ ಮಾಡುವುದು ಅಂದ.

ಗೋಡೆಯ ಉದ್ದಕ್ಕೂ ಕೋಟು, ಬೂಟು, ಹೆಲ್ಮೆಟ್ ಸಾಲು. ಪ್ಯಾಂಟನ್ನು ಬೂಟಿನೊಳಗೆ ಮೊದಲೇ ಇಳಿಸಿ ಇಟ್ಟಿರುತ್ತಾರೆ. ಕಾಲು ತೂರಿಸಿ ಮೇಲಕ್ಕೆ ಎಳೆದರೆ ಮುಗಿಯಿತು. ಅಲ್ಲಿ ಆಂಬುಲೆನ್ಸ್ ಕೂಡ ಇದೆ. ಬೆಂಕಿಗಿಂತ ಆಂಬುಲೆನ್ಸ್ ಕರೆಗಳೇ ಜಾಸ್ತಿಯಂತೆ. ಈಗ ಸಂಬಳದ ಸಿಬ್ಬಂದಿಯೂ ಇದ್ದಾರೆ, ಯಾಕೆಂದರೆ ಹಗಲು ಹೊತ್ತು ಊರಲ್ಲಿ ಕೈಗೆ ಸಿಗುವ ಜನ ಕಡಿಮೆ.

ರ್ಯಾಡ್ನರ್ ಟೌನ್‌ಶಿಪ್ ಪೂರ್ತಿ ಇವರದೇ ಅಂದುಕೊಳ್ಳಬೇಡಿ. ಪೂರ್ವದ ಭಾಗಕ್ಕೆ ಬ್ರಿನ್ ಮಾರ್ ಫೈರ್ ಕಂಪನಿ ಬರುತ್ತದೆ. ರ್ಯಾಡ್ನರ್‌ನವರು ಪಕ್ಕದ ಟ್ರೆಡಿಫ್ರಿನ್, ಈಸ್ಟ್‌ಟೌನ್ ಟೌನ್‌ಶಿಪ್‌ಗಳ ಕೆಲವು ಭಾಗಕ್ಕೂ ಹೋಗುತ್ತಾರೆ. ಆಡಳಿತದ ಗಡಿ ಒಂದು, ಬೆಂಕಿಯ ಗಡಿ ಇನ್ನೊಂದು. ದೊಡ್ಡದಾದರೆ ಎಲ್ಲರೂ ಬರುತ್ತಾರೆ. ಇದೇ ಟೌನ್‌ಶಿಪ್‌ನಲ್ಲಿರುವ ವಿಲ್ಲನೋವಾ ಕಾಲೇಜಿನ ಮುಖ್ಯ ಕಟ್ಟಡ 1928ರ ಜನವರಿಯಲ್ಲಿ ಸುಟ್ಟುಹೋಯಿತು. ನಾಲ್ಕು ವರ್ಷಕ್ಕೆ ಅಲ್ಲಿನ ಪಾದ್ರಿಗಳ ಮಠಕ್ಕೂ ಬೆಂಕಿ ಬಿತ್ತು. ಸಂಜೆ ರೈಲಿನ ಕಿಟಕಿಯಿಂದ ಆ ಕ್ಯಾಂಪಸ್‌ನ ಕಲ್ಲಿನ ಕಟ್ಟಡಗಳು ಕಂಡವು.

ಖರ್ಚು ಹೇಗೆ ಅಂತ ಕೇಳದೆ ಬರಲು ನನ್ನಿಂದ ಆಗಲಿಲ್ಲ. ಟೌನ್‌ಶಿಪ್ ಸ್ವಲ್ಪ ಕೊಡುತ್ತದೆ. ಉಳಿದದ್ದಕ್ಕೆ ಮನೆಮನೆಗೆ ಕಾಗದ ಕಳಿಸಿ ದೇಣಿಗೆ ಕೇಳುತ್ತಾರೆ. ಈ ಸೀಮೆಯ ಫೈರ್ ಕಂಪನಿಗಳೆಲ್ಲ ಪ್ಯಾನ್‌ಕೇಕ್ ಉಪಾಹಾರ, ಬಿಂಗೋ ಆಟ ಇಟ್ಟು ಎಂಜಿನ್ ಕೊಳ್ಳುತ್ತಾ ಬಂದಿವೆ. ಕೇಳಲು ಚೆಂದ. ಆದರೆ ಲಕ್ಷಗಟ್ಟಲೆ ಡಾಲರ್‌ನ ಗಾಡಿಗೆ ಪ್ಯಾನ್‌ಕೇಕ್ ಮಾರಬೇಕಾದ ಸ್ಥಿತಿ ನನಗೆ ಅಷ್ಟೇನೂ ಚೆಂದ ಕಾಣಲಿಲ್ಲ. ಜನವೂ ಸಿಗುತ್ತಿಲ್ಲ. ಪೆನ್ಸಿಲ್ವೇನಿಯಾದಲ್ಲಿ 1970ರ ದಶಕದಲ್ಲಿ ಸುಮಾರು 3 ಲಕ್ಷ ವಾಲಂಟಿಯರ್‌ಗಳಿದ್ದರು. ಈಚಿನ ವರ್ಷಗಳಲ್ಲಿ ಅದು 38 ಸಾವಿರದ ಆಸುಪಾಸಿಗೆ ಇಳಿದಿದೆ ಅಂತ ರಾಜ್ಯದ್ದೇ ವರದಿ ಹೇಳುತ್ತದೆ. ತರಬೇತಿಯ ಗಂಟೆ ಏರಿದೆ, ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಕೆಲಸ ದೂರದ ಊರಿನಲ್ಲಿ. ಜೊತೆಗೆ ಮನೆ ಬಾಡಿಗೆ. ಇಂಥ ಊರಿನಲ್ಲಿ ಇಪ್ಪತ್ತೈದರ ಹುಡುಗ ಠಾಣೆಯ ಹತ್ತಿರ ಮನೆ ಹಿಡಿಯುವುದಾದರೂ ಹೇಗೆ?

ಶನಿವಾರ

ವಾಪಸ್ ಇಸೆಲಿನ್. ಬೆಳಗ್ಗೆ ಓಕ್ ಟ್ರೀ ರಸ್ತೆಯಲ್ಲಿ ದೋಸೆ ತಿಂದೆವು. ಆ ರಸ್ತೆಯ ಸೀರೆ ಅಂಗಡಿ, ಚಿನ್ನದ ಅಂಗಡಿ, ಕರಿಬೇವಿನ ವಾಸನೆಯ ಬಗ್ಗೆ ಬರೆದವರು ತುಂಬ ಜನ ಇದ್ದಾರೆ, ನಾನು ಬಿಡುತ್ತೇನೆ. ಆ ರಸ್ತೆ ಎರಡು ಟೌನ್‌ಶಿಪ್‌ಗೆ ಸೇರಿದ್ದು. ಒಂದು ತುಂಡು ಎಡಿಸನ್, ಒಂದು ತುಂಡು ವುಡ್‌ಬ್ರಿಜ್. ಇಸೆಲಿನ್ ಇರುವುದು ವುಡ್‌ಬ್ರಿಜ್ ಟೌನ್‌ಶಿಪ್‌ನಲ್ಲಿ.

ಮಧ್ಯಾಹ್ನ ಇವರು ತಮ್ಮನ ಮನೆಯ ಆಸ್ತಿ ತೆರಿಗೆಯ ಬಿಲ್ ತೆಗೆಸಿದರು. ಅದರಲ್ಲಿ ಶಾಲೆಗೆ ಇಷ್ಟು, ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಇಷ್ಟು ಅಂತ ಸಾಲುಗಳು. ಕೆಳಗೆ ಫೈರ್ ಡಿಸ್ಟ್ರಿಕ್ಟ್‌ಗೆ ಇಷ್ಟು ಅಂತ ಬೇರೆಯೇ ಒಂದು ಸಾಲು. ನ್ಯೂಜೆರ್ಸಿಯ ದಾರಿ ಇದು. ಟೌನ್‌ಶಿಪ್ಪನ್ನು ಫೈರ್ ಡಿಸ್ಟ್ರಿಕ್ಟ್‌ಗಳಾಗಿ ಒಡೆಯಬಹುದು. ಪ್ರತಿಯೊಂದಕ್ಕೂ ಚುನಾಯಿತ ಫೈರ್ ಕಮಿಷನರ್‌ಗಳು, ಅದರದೇ ಬಜೆಟ್, ಅದರದೇ ತೆರಿಗೆ. ವುಡ್‌ಬ್ರಿಜ್ ಒಂದರಲ್ಲೇ ಇಂಥವು ಹಲವು. ಪ್ಯಾನ್‌ಕೇಕ್ ಮಾರುವುದಕ್ಕಿಂತ ಇದು ಗಟ್ಟಿ ವ್ಯವಸ್ಥೆ. ಚುನಾವಣೆ ನಡೆಯುವ ವಾಡಿಕೆ ಫೆಬ್ರವರಿಯ ಮೂರನೇ ಶನಿವಾರ, ಕೊರೆಯುವ ಚಳಿಯಲ್ಲಿ. ಬಜೆಟ್‌ಗೂ ಜನರೇ ಓಟು ಹಾಕಬೇಕು.

"ನೀನು ಹಾಕಿದೀಯಾ?" ಅಂತ ಕೇಳಿದೆ.

"ಇಂಥದ್ದೊಂದು ಎಲೆಕ್ಷನ್ ಇದೆ ಅಂತಾನೇ ಗೊತ್ತಿರಲಿಲ್ಲ ಅಕ್ಕ" ಅಂದ ತಮ್ಮ. ಸಿಟಿಜನ್ ಆಗಿ ಎಷ್ಟೋ ವರ್ಷ ಆಯಿತು ಅವನಿಗೆ.

ಓಟು ಹಾಕಲು ಬರುವವರು ಬೆರಳೆಣಿಕೆಯ ಜನ. ನಮ್ಮವರು ಇಷ್ಟು ಇದ್ದೂ ಬರುವುದಿಲ್ಲ. ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮ ಇದ್ದರೆ ಹಾಲ್ ತುಂಬುತ್ತದೆ, ಎಡಿಸನ್‌ನ ಪುತ್ತಿಗೆ ಮಠದ ಕೃಷ್ಣ ವೃಂದಾವನದಲ್ಲಿ ಉತ್ಸವವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಘಾಟಿಗೆ ಸ್ಮೋಕ್ ಅಲಾರಂ ಕೂಗಿದರೆ ಮಾತ್ರ ಫೈರ್ ಡಿಪಾರ್ಟ್‌ಮೆಂಟ್ ನೆನಪಾಗುತ್ತದೆ. 1818ರ ಆ ತರುಣರನ್ನು ಸೇರಿಸಿಕೊಳ್ಳಲೇ ಇಲ್ಲ. ಇಲ್ಲಿ ಬಾಗಿಲು ತೆರೆದೇ ಇದೆ.

ಭಾನುವಾರ

ಎಡಿಸನ್ ಟೌನ್‌ಶಿಪ್ 1870ರಲ್ಲಿ ಆದಾಗ ಅದರ ಹೆಸರು ರ್ಯಾರಿಟನ್. ಇಲ್ಲಿನ ಮೆನ್ಲೋ ಪಾರ್ಕ್‌ನಲ್ಲಿ ಪ್ರಯೋಗಾಲಯ ಇಟ್ಟು 1879ರಲ್ಲಿ ಬಲ್ಬ್ ಉರಿಸಿದ ಥಾಮಸ್ ಎಡಿಸನ್‌ನ ಹೆಸರು ಬಂದದ್ದು 1954ರಲ್ಲಿ. ಊರಿನ ಹೆಸರು ಹೋಯಿತು, ವಾಲಂಟಿಯರ್ ಸಂಘಗಳದು ಹೋಗಲಿಲ್ಲ. ರ್ಯಾರಿಟನ್ ಎಂಜಿನ್ ಕಂಪನಿ ಅನ್ನುವ ಹೆಸರು ಹಾಗೇ ಉಳಿಯಿತು. ಜೊತೆಗೆ ಟೌನ್‌ಶಿಪ್‌ನ ಸಂಬಳದ ವಿಭಾಗವೂ ಬೆಳೆಯಿತು. ತುದಿಯಲ್ಲಿ ದೊಡ್ಡ ಬಲ್ಬ್ ಹೊತ್ತ ಸ್ಮಾರಕ ಗೋಪುರದ ಮುಂದೆ ಒಂದು ಫೋಟೋ ತೆಗೆದು ಮುಂದೆ ಹೋದೆವು.

ನೋಡಬೇಕಿದ್ದದ್ದು ಡರ್ಹಮ್ ವುಡ್ಸ್. ಈಗ ಅದು ಸಾಧಾರಣ ಅಪಾರ್ಟ್‌ಮೆಂಟ್ ಸಮುಚ್ಚಯ. 1994ರ ಮಾರ್ಚ್ 23ರ ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ, ಪಕ್ಕದ ಡಾಂಬರು ಕಾರ್ಖಾನೆಯ ಜಾಗದಲ್ಲಿ ನೆಲದೊಳಗಿದ್ದ 36 ಇಂಚಿನ ಗ್ಯಾಸ್ ಪೈಪ್‌ಲೈನ್ ಸಿಡಿಯಿತು. ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 970 ಪೌಂಡ್. ಮೊದಲು ಬರೀ ಗ್ಯಾಸಿನ ಅಬ್ಬರ. ಕಲ್ಲು, ಪೈಪಿನ ಚೂರು 800 ಅಡಿ ದೂರಕ್ಕೆ ಹಾರಿದವು. ಒಂದೆರಡು ನಿಮಿಷದಲ್ಲಿ ಕಿಡಿ ತಾಗಿತು. ಜ್ವಾಲೆ 400ರಿಂದ 500 ಅಡಿ ಎದ್ದಿತು. ಬೆಂಕಿ ನೇರವಾಗಿ ಮುಟ್ಟದೆ, ಬರೀ ಕಾವಿಗೇ ಮನೆಗಳ ಚಾವಣಿ ಹೊತ್ತಿಕೊಂಡಿತು.

ಆ ಒಂದೆರಡು ನಿಮಿಷವೇ ಜನರನ್ನು ಉಳಿಸಿದ್ದು. ಶಬ್ದಕ್ಕೆ, ಚಾವಣಿ ಮೇಲೆ ಬಿದ್ದ ಕಲ್ಲಿಗೆ ಎಚ್ಚೆತ್ತು ರಾತ್ರಿ ಉಡುಪಿನಲ್ಲೇ ಓಡಿದರು. ಎಂಟು ಕಟ್ಟಡ ಪೂರ್ತಿ ಹೋದವು. ಸುಮಾರು 1,500 ಜನ ಮನೆ ಬಿಟ್ಟರು. ಬೆಂಕಿಯಲ್ಲಿ ಯಾರೂ ಸುಟ್ಟು ಸಾಯಲಿಲ್ಲ. ಒಬ್ಬ ಮಹಿಳೆ ಹೃದಯಾಘಾತದಿಂದ ತೀರಿಕೊಂಡರು. ಇವರು ಪಾರ್ಕಿಂಗ್‌ನಿಂದ ಕಾರ್ಖಾನೆಯ ದಿಕ್ಕಿಗೆ ಹೆಜ್ಜೆ ಹಾಕಿ ಅಂದಾಜು ಮಾಡಿದರು. "ಇಷ್ಟು ಹತ್ತಿರ ಇದ್ದೂ ಇಷ್ಟು ಜನ ಬದುಕಿದ್ದು ದೊಡ್ಡದು ಕಣೇ" ಅಂದರು.

ಗ್ಯಾಸ್ ಬೆಂಕಿಗೆ ನೀರು ಹಾಕಿ ಪ್ರಯೋಜನವಿಲ್ಲ. ಗ್ಯಾಸ್ ನಿಲ್ಲುವ ತನಕ ಸುತ್ತಲಿನ ಕಟ್ಟಡ ತಣಿಸುತ್ತಾ ಕಾಯಬೇಕು. ನಮ್ಮ ಯಜಮಾನರ ಕಾಲದ ಪಾಠವೂ ಅದೇ, ಮೊದಲು ವಾಲ್ವ್ ಮುಚ್ಚು. ಆದರೆ ಇಲ್ಲಿನ ವಾಲ್ವ್ ಫೈರ್ ಡಿಪಾರ್ಟ್‌ಮೆಂಟ್ ಕೈಯಲ್ಲಿರಲಿಲ್ಲ. ಪೈಪ್‌ಲೈನ್ ಕಂಪನಿಯವರು ಗ್ಯಾಸ್ ನಿಲ್ಲಿಸಲು ಎರಡೂವರೆ ಗಂಟೆ ಹತ್ತಿರ ಹಿಡಿಯಿತು. ತಾನಾಗಿ ಮುಚ್ಚುವ ಅಥವಾ ದೂರದಿಂದ ಮುಚ್ಚಬಹುದಾದ ವಾಲ್ವ್ ಇಲ್ಲದ್ದರಿಂದ ಅನಾಹುತ ಹೆಚ್ಚಾಯಿತು ಅಂತ ಕೇಂದ್ರದ ತನಿಖಾ ಮಂಡಳಿ ಬರೆಯಿತು. ಪೈಪ್ ಸಿಡಿದ ಕಾರಣ? ಹಿಂದೆ ಯಾವಾಗಲೋ ಅಗೆಯುವ ಯಂತ್ರದ ಹಲ್ಲು ತಾಗಿ ಪೈಪಿನ ಮೈ ಗೀರಿತ್ತು. ಆ ಗೀರು ಬಿರುಕಾಗಿ ಬೆಳೆಯಿತು. ನಷ್ಟ 2.5 ಕೋಟಿ ಡಾಲರ್ ದಾಟಿತು. ಊರಿನವರು ಎಷ್ಟೇ ಚೆನ್ನಾಗಿ ಸಂಘ ಕಟ್ಟಲಿ, ಊರಿನ ಕೆಳಗೆ ಹಾದುಹೋಗುವುದು ಅವರದ್ದಲ್ಲ.

ಅದೇ ವರ್ಷ ನ್ಯೂಜೆರ್ಸಿ ಕಾನೂನು ಮಾಡಿತು. ನೆಲ ಅಗೆಯುವ ಮುಂಚೆ ಫೋನ್ ಮಾಡಲೇಬೇಕು. ಈಗ ದೇಶಕ್ಕೆಲ್ಲ ಆ ನಂಬರ್ 811. ಮೂರು ಕೆಲಸದ ದಿನ ಮುಂಚೆ ತಿಳಿಸಿದರೆ, ಪೈಪು ವೈರು ಯಾರದೋ ಅವರೇ ಬಂದು ದುಡ್ಡಿಲ್ಲದೆ ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಗ್ಯಾಸ್‌ಗೆ ಹಳದಿ, ನೀರಿಗೆ ನೀಲಿ, ಕರೆಂಟ್‌ಗೆ ಕೆಂಪು, ಚರಂಡಿಗೆ ಹಸಿರು.

ತಮ್ಮ ಮನೆ ಪಕ್ಕಕ್ಕೆ ಬೇಲಿ ಹಾಕಿಸಬೇಕು ಅಂತ ಹೋದ ವಾರವೇ ಫೋನ್ ಮಾಡಿದ್ದ. ಸಂಜೆ ಬಂದು ನೋಡಿದರೆ ಹುಲ್ಲಿನ ಮೇಲೆ ಹಳದಿ ಗೆರೆ, ಅವನು ಗೂಟ ಹೊಡೆದಿದ್ದ ಜಾಗದ ಮೇಲೇ ಹಾದು ಹೋಗಿತ್ತು. ಇವರು ಟೇಪ್ ತರಿಸಿ ಗೂಟ ಕೀಳಿಸಿದರು. ಗೆರೆಯ ಎರಡೂ ಕಡೆ ಎರಡಡಿ ಜಾಗದಲ್ಲಿ ಯಂತ್ರ ಹಚ್ಚುವ ಹಾಗಿಲ್ಲ, ಕೈಯಲ್ಲೇ ಅಗೆಯಬೇಕು. ಬೇಲಿ ಮೂರಡಿ ಒಳಕ್ಕೆ ಬಂತು. ತಮ್ಮನ ಹೆಂಡತಿಯ ಟೊಮೆಟೊ ಮಡಿಗೆ ಈಗ ಬೇರೆ ಜಾಗ ಹುಡುಕಬೇಕು.